ಅವರೆಯ ಸೊಗಡು

ನಮ್ಮ ಹುಣಸೂರಿನ ಕಡೆ ಕಾಲ ಬದಲಾದದ್ದು ಮೊದಲು ಗೊತ್ತಾಗುವುದು ಮೂಗಿಗೆ. ಭರಣಿ ಮಳೆ ಬಿದ್ದ ಸಂಜೆ ಕೆಮ್ಮಣ್ಣಿನ ಘಮ. ಶ್ರಾವಣ, ಭಾದ್ರಪದದಲ್ಲಿ ಎಲೆ ಒಣಗಿಸುವ ಬ್ಯಾರನ್‌ಗಳಿಂದ ಹೊಗೆಸೊಪ್ಪಿನ ಘಾಟು. ಎಲೆ ಹಳದಿಗೆ ತಿರುಗಿ ಒಣಗುವವರೆಗೆ ಕಾವನ್ನು ಹದವಾಗಿ ಏರಿಸುತ್ತಾ ಹೋಗಬೇಕು. ಅದಕ್ಕೇ ಅಪ್ಪ ರಾತ್ರಿಯೆಲ್ಲ ಒಲೆಯ ಮುಂದೆ ಕೂತಿರುತ್ತಿದ್ದರು. ಆ ಕೆಂಡದಲ್ಲಿ ಸುಟ್ಟ ಗೆಣಸು ನಮ್ಮ ಪಾಲಿಗೆ.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಮಾರ್ಗಶಿರದ ಚಳಿ. ಲಕ್ಷ್ಮಣತೀರ್ಥ ಹೊಳೆಯ ಮೇಲೆ ಮಂಜು ಕವಿದಿರುತ್ತದೆ, ಪೇಟೆ ಹನುಮ ಜಯಂತಿಗೆ ಸಜ್ಜಾಗುತ್ತಿರುತ್ತದೆ. ಹೊಲದಲ್ಲಿ ರಾಗಿ ಕೊಯ್ಲಾಗಿ, ಸಾಲಿನಲ್ಲಿ ಅವರೆ ಬಲಿತಿರುತ್ತದೆ. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು. ಸುಲಿದ ಮೇಲೆ ಬೆರಳಿಗೆ ಹತ್ತಿದ ಆ ಜಿಡ್ಡು, ಆ ವಾಸನೆ ಸಂಜೆವರೆಗೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಕೈ ಮೂಸಿಕೊಂಡೇ ಕೂರುತ್ತಿದ್ದೆ. ರಾತ್ರಿ ನೆನೆಹಾಕಿದ ಕಾಳನ್ನು ಅವ್ವ ಬೆಳಿಗ್ಗೆ ಹೆಬ್ಬೆರಳಲ್ಲಿ ಒತ್ತುತ್ತಿದ್ದಳು. ಬೇಳೆ ಪಟಕ್ಕನೆ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲೇ ಉಳಿಯುತ್ತಿತ್ತು. ಮಧ್ಯಾಹ್ನಕ್ಕೆ ಹಿದುಕಿದ ಬೇಳೆ ಸಾರು, ಬಿಸಿ ಮುದ್ದೆ.

ಈಗ ವರ್ಷವಿಡೀ ಕಾಯಿ ಬಿಡುವ ಅವರೆ ತಳಿಗಳು ಬಂದಿವೆ. ರೈತರಿಗೆ ಅನುಕೂಲ, ಬೇಡ ಎನ್ನಲಾರೆ. ಆದರೆ ಬೇಸಿಗೆಯ ಅವರೆಗೆ ಆ ಸೊಗಡು ಬರುವುದಿಲ್ಲ. ಅದಕ್ಕೆ ಚಳಿ ಬೇಕು, ಹನ್ನೊಂದು ತಿಂಗಳು ಕಾದ ನಾಲಿಗೆಯೂ ಬೇಕು.

ಊರು ಬಿಟ್ಟು ದೂರ ಇರುವವರಲ್ಲಿ ಒಂದು ಕೋರಿಕೆ. ಇವತ್ತು ಮನೆಗೆ ಒಂದು ಫೋನ್ ಮಾಡಿ. ಆರೋಗ್ಯ ವಿಚಾರಿಸಿದ ಮೇಲೆ, ಹೊಲದಲ್ಲಿ ಅವರೆ ಹೂ ಬಿಟ್ಟಿದೆಯಾ ಎಂದು ಕೇಳಿ.