ತಂಪು ಊರಿನ ಬಿಸಿಲು



ಮೊದಲು ನಿಮಗೇ ಒಂದು ಕೆಲಸ ಕೊಡುತ್ತೇನೆ. ತೋಳು ಮಡಚಿ, ಕಂಕುಳಿಗೆ ಹತ್ತಿರದ ಒಳತೋಳನ್ನು ನೋಡಿಕೊಳ್ಳಿ. ಆಮೇಲೆ ಅದೇ ಕೈಯ ಹಸ್ತದ ಹಿಂಬದಿ ನೋಡಿ. ಎರಡಕ್ಕೂ ವಯಸ್ಸು ಒಂದೇ, ಉಂಡ ಅನ್ನ ಒಂದೇ. ಆದರೂ ಅರವತ್ತು ದಾಟಿದವರ ಒಳತೋಳು ಇನ್ನೂ ನಯವಾಗಿರುತ್ತದೆ. ಹಸ್ತದ ಚರ್ಮ ಒರಟಾಗಿ, ಚುಕ್ಕೆ ಬಿದ್ದಿರುತ್ತದೆ, ಚಿವುಟಿ ಬಿಟ್ಟರೆ ಮೆಲ್ಲಗೆ ಸ್ವಸ್ಥಾನಕ್ಕೆ ಮರಳುತ್ತದೆ. ನಾವು ಮುಪ್ಪು ಎನ್ನುವುದರಲ್ಲಿ ದೊಡ್ಡ ಪಾಲು ವರ್ಷಗಳದ್ದಲ್ಲ, ಬಿಸಿಲಿನದು.

ಚರ್ಮದ ಮೇಲ್ಪದರ ಕಾಗದದಷ್ಟು ತೆಳು. ಅದರ ಕೆಳಗಿನ ಒಳಪದರದಲ್ಲಿ ಎರಡು ಬಗೆಯ ನಾರುಗಳಿವೆ. ಕೊಲಾಜೆನ್ ಹಗ್ಗದ ಹಾಗೆ, ಎಳೆದರೆ ಹಿಗ್ಗದು. ಇನ್ನೊಂದು ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಅಕ್ಕಪಕ್ಕದ ಗಲ್ಲಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಮಾರುವ ಇಲಾಸ್ಟಿಕ್ಕಿನ ಹಾಗೆ, ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ಸ್ಥಿತಿಸ್ಥಾಪಕ ನಾರು. ಅದರ ತಿರುಳು ಎಲಾಸ್ಟಿನ್, ಸುತ್ತ ಹೆಣೆದಿರುವ ಸಪೂರ ಎಳೆಗಳು ಫೈಬ್ರಿಲಿನ್. ಮೇಲ್ಪದರಕ್ಕೆ ಹತ್ತಿರವಾದಂತೆ ತಿರುಳು ಇಲ್ಲವಾಗಿ, ಫೈಬ್ರಿಲಿನ್ನಿನ ಎಳೆಗಳಷ್ಟೇ ನೆಟ್ಟಗೆ ಮೇಲೇರುತ್ತವೆ. ದೇಹ ಎಲಾಸ್ಟಿನ್ನನ್ನು ನೇಯುವುದು ಹೆಚ್ಚಾಗಿ ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಬೆಳೆಯುವ ವಯಸ್ಸಿನಲ್ಲಿ. ಆಮೇಲೆ ದಶಕಗಟ್ಟಲೆ ಅದೇ ಸರಕಿನಲ್ಲಿ ಸಂಸಾರ ನಡೆಯಬೇಕು.

ಇನ್ನು ಬಿಸಿಲಿನ ವಿಷಯ. 1801ರಲ್ಲಿ ಜರ್ಮನಿಯ ರಿಟ್ಟರ್, ಬಣ್ಣಬಣ್ಣವಾಗಿ ಒಡೆದ ಬೆಳಕಿನಲ್ಲಿ ಬೆಳ್ಳಿಯ ಲವಣವನ್ನಿಟ್ಟು ನೋಡಿದ. ನೇರಳೆಯ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ, ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಅದೇ ನೇರಳಾತೀತ. ನೆಲಕ್ಕೆ ಬೀಳುವ ನೇರಳಾತೀತದಲ್ಲಿ ನೂರಕ್ಕೆ ಸುಮಾರು 95 ಪಾಲು 'ಎ' ಬಗೆಯದು, ಉಳಿದದ್ದು 'ಬಿ'. 'ಬಿ' ಹೆಚ್ಚಾಗಿ ಮೇಲ್ಪದರದಲ್ಲೇ ತಡೆದು ನಿಲ್ಲುತ್ತದೆ. ಚರ್ಮ ಸುಡುವುದು ಅದರಿಂದ, ವಿಟಮಿನ್ ಡಿ ಆಗುವುದೂ ಅದರಿಂದ. 'ಎ' ಸದ್ದಿಲ್ಲದೆ ಒಳಪದರಕ್ಕೆ ಇಳಿಯುತ್ತದೆ, ಕಿಟಕಿಯ ಗಾಜನ್ನೂ ದಾಟುತ್ತದೆ.

ಇಳಿದ ಮೇಲೆ ಆಗುವುದೇನು? ಮೊದಲ ಪೆಟ್ಟು ನೆಟ್ಟಗೆ ನಿಂತ ಆ ಫೈಬ್ರಿಲಿನ್ ಎಳೆಗಳಿಗೆ. ಅವು ನೇರಳಾತೀತವನ್ನು ತಾವೇ ಹೀರಿ ತುಂಡಾಗುತ್ತವೆ. ಜೊತೆಗೆ ಬಿಸಿಲು ತಗುಲಿದ ಕೋಶಗಳು ನಾರನ್ನು ಕತ್ತರಿಸುವ ಕಿಣ್ವಗಳನ್ನು ಸುರಿಸುತ್ತವೆ. ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸುಲಭವಿತ್ತು: ತಾರಸಿಯಲ್ಲಿ ಒಣಗಿದ ಚಡ್ಡಿಯ ಇಲಾಸ್ಟಿಕ್ ಸಡಿಲಾದ ಹಾಗೆ, ಅಷ್ಟೇ. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೇ ತಿಳಿದಿದ್ದೆ. ಸೂಕ್ಷ್ಮದರ್ಶಕದ ಕೆಳಗೆ ಮೊದಲ ಸಲ ನೋಡಿದಾಗ ಬೆಪ್ಪಾದೆ. ಬಿಸಿಲು ತಿಂದ ಚರ್ಮದಲ್ಲಿ ಎಲಾಸ್ಟಿನ್ ಕಡಿಮೆಯಾಗಿರಲಿಲ್ಲ, ರಾಶಿ ಬಿದ್ದಿತ್ತು! ಗುಲಾಬಿ ಬಣ್ಣದ ಕೊಲಾಜೆನ್ ಇರಬೇಕಾದ ಕಡೆ ನೀಲಿ ಬೂದು ಗಂಟುಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಹ್ಯಾಂಬರ್ಗಿನ ಉನ್ನಾ ಹಡಗಿನವರ ಚರ್ಮದ ಈ ಕೆಡುಕನ್ನು ಬರೆದಿಟ್ಟಿದ್ದ.

ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಮರದಿಂದ ಕಂಬಕ್ಕೆ, ಕಂಬದಿಂದ ಮರಕ್ಕೆ ಜೋತಾಡುವ ಕಪ್ಪು ಕೇಬಲ್ಲುಗಳನ್ನು ನೋಡಿದ್ದೀರಲ್ಲ? ಸತ್ತ ಕೇಬಲನ್ನು ಬಿಚ್ಚುವವರಿಲ್ಲ, ಹೊಸದನ್ನು ಎಳೆಯುವುದು ನಿಲ್ಲುವುದಿಲ್ಲ. ಚರ್ಮದಲ್ಲೂ ಇದೇ ಕಾರುಬಾರು. ತುಂಡಾದ ಹಳೆಯ ನಾರು ಪೂರ್ತಿ ಕರಗುವುದಿಲ್ಲ. ಏಟು ತಿಂದ ಕೋಶಗಳು ಹೊಸ ಎಲಾಸ್ಟಿನ್ ಸುರಿಯುತ್ತವೆ, ಆದರೆ ಅದನ್ನು ಸಾಲಾಗಿ ಹೆಣೆಯುವ ಫೈಬ್ರಿಲಿನ್ ಚೌಕಟ್ಟು ಆಗಲೇ ಮುರಿದಿರುತ್ತದೆ. ಸರಕು ಹೆಚ್ಚಿತು, ಸೆಳೆತ ಹೋಯಿತು. ಎಲಾಸ್ಟಿನ್ ಹಾಕಿದ ಕ್ರೀಮು ಎಂದು ಯಾರಾದರೂ ಮಾರಲು ಬಂದರೆ ಈ ಚಿತ್ರ ನೆನಪಿಸಿಕೊಳ್ಳಿ. ಅಷ್ಟು ದೊಡ್ಡ ಅಣು ಮೇಲ್ಪದರ ದಾಟಿ ಒಳಹೋಗಿ ನಾರಾಗುವುದೂ ಇಲ್ಲ.

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನವರ ಕಷ್ಟವೆಂದರೆ ತಂಪು. ಬಳ್ಳಾರಿಯ ಬಿಸಿಲು ಹೆದರಿಸಿ ಮನೆಯೊಳಗೆ ಕೂರಿಸುತ್ತದೆ; ನಮ್ಮದು ಬಾ ಎಂದು ಕರೆಯುತ್ತದೆ. ಮೈಗೆ ಗೊತ್ತಾಗುವುದು ಶಾಖ, ನೇರಳಾತೀತವಲ್ಲ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ನೇರಳಾತೀತ ಸುಮಾರು ಹತ್ತನೇ ಒಂದು ಪಾಲು ಹೆಚ್ಚುತ್ತದೆ. ಏಪ್ರಿಲ್ 24ರ ಹೊತ್ತಿಗೆ, ಮತ್ತೆ ಆಗಸ್ಟ್ 18ರ ಹೊತ್ತಿಗೆ, ಮಧ್ಯಾಹ್ನ ಸೂರ್ಯ ನೆತ್ತಿಗೇ ಬಂದು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆಗಸ್ಟಿನಲ್ಲಿ ಮೋಡವಿರುತ್ತದೆ, ನಿಜ. ತೆಳು ಮೋಡ ಬಹುಪಾಲು ನೇರಳಾತೀತವನ್ನು ಬಿಟ್ಟುಕೊಡುತ್ತದೆ.

ಈ ಬಿಸಿಲಿಗೆ ಹೆದರಿದವರು ಒಂದು ಕಾಲಕ್ಕೆ ಇಲ್ಲೇ ಇದ್ದರು. 1809ರಲ್ಲಿ ಬ್ರಿಟಿಷರ ದಂಡು ಬಂದಿಳಿಯಿತು, ಮುಂದೆ ಬೆಂಡಿನ ಟೋಪಿಯೂ ಬಂತು. ಉಷ್ಣವಲಯದ ಬೆಳಕು ತಲೆಬುರುಡೆಯನ್ನು ತೂರಿ ಬಿಳಿಯರ ನರಗಳನ್ನು ಕೆಡಿಸುತ್ತದೆಂಬ ನಂಬಿಕೆ ಬಲವಾಗಿತ್ತು. 1905ರಲ್ಲಿ ವುಡ್ರಫ್ ಎಂಬ ಅಮೆರಿಕದ ಸೇನಾವೈದ್ಯ ಅದರ ಮೇಲೆ ದಪ್ಪ ಪುಸ್ತಕವನ್ನೇ ಬರೆದ. ನೇರಳಾತೀತ ಬುರುಡೆಯನ್ನು ತೂರುವುದಿಲ್ಲ. ಆದರೆ ಟೋಪಿಯ ಅಗಲ ಅಂಚು ಮುಖಕ್ಕೂ ಕುತ್ತಿಗೆಗೂ ನೆರಳು ಕೊಟ್ಟಿತು. ತಪ್ಪು ಲೆಕ್ಕಕ್ಕೆ ಸರಿ ಉತ್ತರ! ರಸೆಲ್ ಮಾರ್ಕೆಟ್ಟಿನ ಮುಂದೆ ಹೂವು ಮಾರುವ ಅಜ್ಜಿ ಸೆರಗನ್ನು ತಲೆಮೇಲೆಳೆದು ಅದೇ ಕೆಲಸವನ್ನು ಖರ್ಚಿಲ್ಲದೆ ಮಾಡುತ್ತಾರೆ.

ನಮ್ಮ ಊರಿನ ಪೂರ್ವಭಾಗಕ್ಕೆ ಇನ್ನೊಂದು ವಿಶೇಷವಿದೆ. ಹಳೇ ಮದ್ರಾಸು ರಸ್ತೆ ಹೆಚ್ಚುಕಡಿಮೆ ಮೂಡಲಿಗೇ ಹೋಗುತ್ತದೆ. ಹಲಸೂರಿನಿಂದ ಕೆ.ಆರ್. ಪುರದ ಕಡೆ ದುಡಿಯಲು ಹೋಗುವವರಿಗೆ ಬೆಳಿಗ್ಗೆ ಸೂರ್ಯ ಮುಖಕ್ಕೆ, ಸಂಜೆ ಮರಳುವಾಗಲೂ ಮುಖಕ್ಕೆ. ಅಲ್ಲಿಂದ ಇಲ್ಲಿಗೆ ಬರುವವರಿಗೆ ಎರಡು ಹೊತ್ತೂ ಕುತ್ತಿಗೆಯ ಹಿಂದೆ. ಆ ಹೊತ್ತಿನಲ್ಲಿ 'ಬಿ' ಕಡಿಮೆ, 'ಎ' ಅಷ್ಟು ತಗ್ಗಿರುವುದಿಲ್ಲ. ಟಿನ್ ಫ್ಯಾಕ್ಟರಿಯ ಬಳಿ ಗಾಡಿ ನಿಂತಷ್ಟೂ ಹೊತ್ತು ಅದು ಇಳಿಯುತ್ತಲೇ ಇರುತ್ತದೆ. ಹೆಲ್ಮೆಟ್ಟಿನ ಮುಂಗಾಜು ಪಾಲಿಕಾರ್ಬನೇಟ್ ಆದರೆ ನೇರಳಾತೀತವನ್ನು ಚೆನ್ನಾಗಿ ತಡೆಯುತ್ತದೆ. ನಮ್ಮವರು ಅದನ್ನು ಎತ್ತಿಕೊಂಡೇ ಓಡಿಸುತ್ತಾರೆ.

ಕಿಟಕಿಯ ಗಾಜನ್ನು 'ಎ' ದಾಟುತ್ತದೆ ಎಂದೆನಲ್ಲ, ಅದಕ್ಕೊಂದು ಸಾಕ್ಷಿ ಇದೆ. ಅಮೆರಿಕದಲ್ಲಿ 28 ವರ್ಷ ಲಾರಿ ಓಡಿಸಿದ 69ರ ಚಾಲಕರೊಬ್ಬರ ಫೋಟೋ 2012ರಲ್ಲಿ ವೈದ್ಯ ಪತ್ರಿಕೆಯೊಂದರಲ್ಲಿ ಬಂತು. ಕಿಟಕಿಯ ಕಡೆಯ ಎಡಗೆನ್ನೆ ಮಡಿಕೆ ಮಡಿಕೆ, ಬಲಗೆನ್ನೆ ಎಷ್ಟೋ ವಾಸಿ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ನಾನು ಚಾಲಕರ ಬಲಗೆನ್ನೆ, ಬಲ ಮೊಣಕೈ ಮೊದಲು ನೋಡುತ್ತೇನೆ.

ಕಪ್ಪು ಚರ್ಮಕ್ಕೆ ಇದೆಲ್ಲ ಬೇಡ ಎನ್ನುವವರಿದ್ದಾರೆ. ಅರ್ಧ ನಿಜ. 1979ರ ಒಂದು ಅಳತೆಯಲ್ಲಿ ಬಿಳಿಯರ ಮೇಲ್ಪದರ 'ಬಿ'ಯಲ್ಲಿ ನೂರಕ್ಕೆ 24 ಪಾಲನ್ನು ಒಳಬಿಟ್ಟರೆ ಕರಿಯರದ್ದು ಸುಮಾರು 7 ಪಾಲು. 'ಎ'ಯಲ್ಲಿ ಬಿಳಿಯರದ್ದು 55 ಪಾಲು, ಕರಿಯರದ್ದು ಸುಮಾರು 18. ನಮ್ಮಲ್ಲಿ ಹೆಚ್ಚಿನವರದು ಈ ಎರಡರ ನಡುವೆ. ಆದ್ದರಿಂದ ನಮಗೆ ಮೊದಲು ಬಂಗು, ಕಲೆ, ಸುಕ್ಕು ತಡವಾಗಿ. ತಡವೆಂದರೆ ಇಲ್ಲವೆಂದಲ್ಲ. ಸನ್‌ಸ್ಕ್ರೀನ್ ಕೊಳ್ಳುವಾಗ ಎಸ್‌ಪಿಎಫ್ ಅಂಕಿ ಮುಖ್ಯವಾಗಿ 'ಬಿ'ಯ ಲೆಕ್ಕ. 'ಎ'ಗಾಗಿ ಡಬ್ಬಿಯ ಮೇಲೆ 'ಪಿಎ' ಗುರುತು ಹುಡುಕಿ.

ಗಂಟೆ ಹನ್ನೆರಡಾಗುತ್ತ ಬಂತು, ಊಟದ ಪೆಂಡಾಲು ಅಂಗಳದ ಆಚೆ ತುದಿಯಲ್ಲಿದೆ. ಮೆಟ್ಟಿಲಿಳಿದ ಕೂಡಲೇ ನಿಮ್ಮ ನೆರಳನ್ನು ನೋಡಿಕೊಳ್ಳಿ. ಅದು ನಿಮಗಿಂತ ಗಿಡ್ಡವಾಗಿದ್ದರೆ ಛತ್ರಿ ಬಿಚ್ಚಿ. ಛತ್ರಿ ಮರೆತವರು ಗೋಡೆ ಬದಿಯಲ್ಲೇ ನಡೆದು ಬನ್ನಿ, ಸಾಂಬಾರು ಕಾಯುತ್ತದೆ.