ದಂಡನೆಯಲ್ಲ, ಶಿಕ್ಷಣ



ದೇವಾಲಯದ ಶತಮಾನೋತ್ಸವವು ಕೃತಜ್ಞತೆಯ ಹಬ್ಬ. ಆದರೆ ಹಿಂದಿರುಗಿ ನೋಡುವಾಗ ಸಂತೋಷದ ದಿನಗಳೊಡನೆ ಕಣ್ಣೀರಿನ ದಿನಗಳೂ ನಮ್ಮೆದುರು ನಿಲ್ಲುತ್ತವೆ. 1972ರ ಬರಗಾಲವನ್ನು ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಮಳೆ ಕೈಕೊಟ್ಟಾಗ, ಮನೆಯಲ್ಲಿ ಎಳೆಯ ಜೀವವೊಂದು ನಂದಿದಾಗ, "ದೇವರು ನಮ್ಮನ್ನೇಕೆ ಶಿಕ್ಷಿಸುತ್ತಿದ್ದಾರೆ?" ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ನಾವು ಕೊಡುವ ಉತ್ತರವು ಒಬ್ಬರ ವಿಶ್ವಾಸವನ್ನು ಉಳಿಸಬಲ್ಲುದು, ಅಳಿಸಲೂಬಲ್ಲುದು.

ಹಿಬ್ರಿಯರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯವು ದೇವರ ಶಿಕ್ಷೆಯನ್ನು ತಂದೆಯ ಶಿಕ್ಷೆಗೆ ಹೋಲಿಸುತ್ತದೆ. ಅಲ್ಲಿ ಬಳಸಿರುವ ಗ್ರೀಕ್ ಪದ 'ಪೈದೇಯಾ'. ಮಗುವನ್ನು ಬೆಳೆಸಿ, ಕಲಿಸಿ, ತಿದ್ದುವುದು ಎಂಬುದೇ ಅದರ ಮೂಲಾರ್ಥ. ನಮ್ಮ ನುಡಿಯಲ್ಲಿಯೂ 'ಶಿಕ್ಷೆ', 'ಶಿಕ್ಷಣ' ಒಂದೇ ಧಾತುವಿನಿಂದ ಹುಟ್ಟಿದ ಪದಗಳಲ್ಲವೇ? ನ್ಯಾಯಾಧೀಶನು ಕಳೆದುಹೋದ ತಪ್ಪಿಗೆ ದಂಡ ವಿಧಿಸುತ್ತಾನೆ. ತಂದೆಯು ಮಗುವಿನ ಬರಲಿರುವ ನಾಳೆಗಳಿಗಾಗಿ ತಿದ್ದುತ್ತಾನೆ.

ನಮ್ಮ ಬಿದರಿ ಕುಶಲಕರ್ಮಿಗಳ ಕೈಕೆಲಸವನ್ನು ನೋಡಿರಿ. ಸತುವಿನೊಡನೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಅದರ ಮೈಯನ್ನು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯನ್ನು ಕೂರಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿಯಾಗಿಸಿ ಉಜ್ಜಿದಾಗ ಪಾತ್ರೆಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳಗುತ್ತದೆ. ಉಳಿ ಕೊರೆಯದ ಜಾಗದಲ್ಲಿ ಬೆಳ್ಳಿಗೆ ನೆಲೆಯಿಲ್ಲ. ಹಾಗೆಯೇ ನಮ್ಮ ಅಹಂಕಾರವು ಕೊರೆಯಲ್ಪಟ್ಟಲ್ಲಿ ದೇವರ ವರಪ್ರಸಾದವು ನೆಲೆಗೊಳ್ಳುತ್ತದೆ. ಭಾಲ್ಕಿ, ಔರಾದಗಳ ರೈತರಿಗೆ ಇನ್ನೊಂದು ದೃಷ್ಟಾಂತವೂ ಗೊತ್ತು: ತೊಗರಿಯ ಕುಡಿ ಚಿವುಟಿದರೆ ಗಿಡವು ಸಾಯುವುದಿಲ್ಲ, ಪಕ್ಕದ ಕವಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ.

ಆದರೆ ಇಲ್ಲಿ ನಾವು ಎಚ್ಚರ ವಹಿಸಬೇಕು. ಪ್ರತಿಯೊಂದು ಸಂಕಟವೂ ಪಾಪದ ಫಲವೆಂದು ಹೇಳುವ ಅಧಿಕಾರವನ್ನು ಯೇಸುಸ್ವಾಮಿ ನಮಗೆ ಕೊಟ್ಟಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಪಾಪಿ ಯಾರೆಂದು ಕೇಳಿದಾಗ ಅವರು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು. ಸಿಲೋವದ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲವೆಂದರು. ಗುಂಡೇಟಿನ ನೋವನ್ನು 1981ರಲ್ಲಿ ಸ್ವತಃ ಉಂಡ ಜಗದ್ಗುರು ಎರಡನೇ ಜಾನ್ ಪೌಲರು, 1984ರ ಫೆಬ್ರುವರಿ 11ರಂದು ಸಂಕಟದ ಅರ್ಥವನ್ನು ಕುರಿತು ಪ್ರಕಟಿಸಿದ ಪತ್ರದಲ್ಲಿ, ಯೋಬನ ಸಂಕಟವು ನಿರಪರಾಧಿಯ ಸಂಕಟವೆಂದು ಸ್ಪಷ್ಟಪಡಿಸಿದರು. ಆದ್ದರಿಂದ ಮಗುವನ್ನು ಕಳೆದುಕೊಂಡ ತಾಯಿಯ ಬಳಿ ವಿವರಣೆ ಹೊತ್ತು ಹೋಗುವುದು ಬೇಡ. ಬುತ್ತಿ ಹೊತ್ತು ಹೋಗೋಣ, ಜೊತೆಗೆ ಕುಳಿತು ಜಪಸರ ಹೇಳೋಣ. ಮನುಷ್ಯರು ಮಾಡಿದ ಅನ್ಯಾಯವನ್ನು ದೇವರ ಶಿಸ್ತೆಂದು ಕರೆದು ಬಡವರ ಬಾಯಿ ಮುಚ್ಚಿಸುವುದೂ ಬೇಡ.

ಹಾಗಾದರೆ ದೇವರು ನಮ್ಮನ್ನು ತಿದ್ದುವುದು ಎಲ್ಲಿ? ದಿನನಿತ್ಯ ಚುಚ್ಚುವ ಮನಸ್ಸಾಕ್ಷಿಯಲ್ಲಿ, ಪಾಪನಿವೇದನೆಯ ಸಂಸ್ಕಾರದಲ್ಲಿ, ತಪಸ್ಸು ಕಾಲದ ಉಪವಾಸದಲ್ಲಿ, ನೆರೆಯವರೊಡನೆ ರಾಜಿಯಾಗಲು ಕರೆಯುವ ದಿವ್ಯ ಬಲಿಪೂಜೆಯಲ್ಲಿ. ಬಂದ ಕಷ್ಟವನ್ನೂ ಆತನ ಕೈಗೊಪ್ಪಿಸಿದರೆ ಅದರಿಂದಲೂ ನಮ್ಮನ್ನು ಬೆಳೆಸಬಲ್ಲರು. ಇದನ್ನರಿತ ತಂದೆತಾಯಿಗಳು ಮಕ್ಕಳನ್ನು ಕೋಪದಿಂದ ಹೊಡೆಯರು, ಪ್ರೀತಿಯಿಂದ ತಿದ್ದುವರು.

ನೂರು ವರ್ಷಗಳ ಲೆಕ್ಕವನ್ನು ಕಲ್ಲುಗಾರೆಯಿಂದ ಮಾತ್ರ ಹಾಕದಿರೋಣ. ನಮ್ಮಲ್ಲಿ ಎಷ್ಟು ಕ್ಷಮೆ ಬೆಳೆದಿದೆ, ಎಷ್ಟು ತಾಳ್ಮೆ ಮಾಗಿದೆ ಎಂದು ಕೇಳಿಕೊಳ್ಳೋಣ. ಪರಮತಂದೆಯ ಕೈಯಲ್ಲಿರುವ ಉಳಿಗೆ ಅಂಜದೆ ನಮ್ಮನ್ನು ಒಪ್ಪಿಸಿಕೊಳ್ಳೋಣ. ಆ ಕೈಯಲ್ಲಿಯೂ ಮೊಳೆಯ ಗಾಯವಿದೆ ಎಂಬುದನ್ನು ಮರೆಯದಿರೋಣ.

ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.