ಕಠಿನವಾದ ನೆಲಕ್ಕೆ ವಿಮಾನವನ್ನಿಳಿಸುವುದು

ವಿಮಾನವು ನೆಲವನ್ನು ಬಿಟ್ಟೇಳುವುದನ್ನು ಕಂಡು ನಾವು ಬೆರಗಾಗುತ್ತೇವೆ. ಆದರೆ ಚಾಲಕನ ವಿದ್ಯೆಗೆ ನಿಜವಾದ ಪರೀಕ್ಷೆಯೊದಗುವುದು ಅವನು ನೆಲಕ್ಕೆ ಮರಳುವಾಗ.

ಒಂದೇ ಯಂತ್ರದ ಹಗುರವಾದ ವಿಮಾನವೊಂದು ರಾಯಚೂರು ಸೀಮೆಯ ಮೇಲೆ ಹಾರುತ್ತಿರುವಾಗ ಯಂತ್ರವು ನಿಂತುಹೋಯಿತೆಂದು ಭಾವಿಸೋಣ. ನೆಲದಿಂದ 1000 ಮೀಟರು ಮೇಲಿದ್ದರೆ ಅದು ಸುಮಾರು 8 ಕಿಲೋಮೀಟರು ತೇಲಿಕೊಂಡು ಹೋದೀತು. ಚಾಲಕನಿಗೆ ಉಳಿದಿರುವುದು ನಾಲ್ಕೈದು ನಿಮಿಷ. ಅಷ್ಟರೊಳಗೆ ನೆಲವನ್ನು ಆರಿಸಬೇಕು.

ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ನಾಲೆಯ ನೀರುಂಡ ಗದ್ದೆಗಳು ಮೇಲಿನಿಂದ ನೋಡಿದರೆ ಹಾಸಿದ ಜಮಖಾನದಂತಿರುತ್ತವೆ. ಅದನ್ನು ನಂಬಿ ಇಳಿದರೆ ಗಾಲಿ ಕೆಸರಿನಲ್ಲಿ ಹೂತು, ಇಲ್ಲವೆ ಬದುವಿಗೆ ತಗುಲಿ, ವಿಮಾನವು ಮಗುಚಬಹುದು. ಮಸ್ಕಿಯಲ್ಲಿ, 1915ರಲ್ಲಿ ಅಶೋಕನ ಹೆಸರುಳ್ಳ ಶಾಸನವು ದೊರೆತ ಕಲ್ಲುಬೆಟ್ಟಗಳ ಮರೆಯಲ್ಲಿ, ಬೀಸುಗಾಳಿಯು ಸುಳಿಸುಳಿಯಾಗಿ ಕೆಳಕ್ಕೆಳೆಯಬಹುದು. ಲಿಂಗಸುಗೂರಿನ ಕಡೆಯ ಎರೆಹೊಲವು ಬೇಸಗೆಯಲ್ಲಿ ಬಿರಿದಿರುತ್ತದೆ. ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಆದುದರಿಂದ ಬಲ್ಲವನು ಒಣಗಿದ, ಗಟ್ಟಿಯಾದ ಹೊಲವನ್ನು ಹುಡುಕುತ್ತಾನೆ. ಒಲೆಯ ಹೊಗೆಯಿಂದಲೋ ಬಂಡಿಯೆಬ್ಬಿಸಿದ ಧೂಳಿನಿಂದಲೋ ಗಾಳಿಯ ದಿಕ್ಕನ್ನು ತಿಳಿದು, ಆದಷ್ಟು ಅದಕ್ಕೆ ಎದುರಾಗಿ, ಉತ್ತ ಸಾಲುಗಳನ್ನು ಅಡ್ಡ ಹಾಯದೆ ಇಳಿಯುತ್ತಾನೆ.

ಕಣ್ಣಿಗೆ ಕಾಣದ ತೊಡಕೊಂದಿದೆ, ಅದು ಬಿಸಿಲು. ಈ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರು ಎತ್ತರದಲ್ಲಿದೆ. ಬೇಸಗೆಯಲ್ಲಿ ಉಷ್ಣತೆಯು 42 ಡಿಗ್ರಿಗೇರಿದಾಗ ಇಲ್ಲಿಯ ಗಾಳಿಯು, ಸಮುದ್ರತೀರದ 15 ಡಿಗ್ರಿಯ ಗಾಳಿಗಿಂತ ನೂರಕ್ಕೆ ಹದಿಮೂರರಷ್ಟು ತೆಳುವಾಗಿರುತ್ತದೆ. ವೇಗಮಾಪಕದ ಮುಳ್ಳು ಎಂದಿನ ವೇಗವನ್ನೇ ತೋರಿಸುತ್ತಿದ್ದರೂ ವಿಮಾನವು ನಿಜವಾಗಿ ನೂರಕ್ಕೆ ಏಳರಷ್ಟು ಹೆಚ್ಚು ವೇಗದಿಂದ ಸಾಗುತ್ತಿರುತ್ತದೆ. ನೆಲ ಮುಟ್ಟಿದ ಮೇಲೆ ಓಡುವ ದೂರವಂತೂ ನೂರಕ್ಕೆ ಹದಿನೈದರಷ್ಟು ಹೆಚ್ಚುತ್ತದೆ. ಮುಳ್ಳನ್ನು ಮಾತ್ರ ನೋಡುವವನಿಗೆ ಹೊಲದ ಅಂಚು ಹಠಾತ್ತನೆ ಎದುರಾಗುತ್ತದೆ.

ಯಂತ್ರವು ಸರಿಯಾಗಿರುವಾಗ, ಕಿರಿದಾದ ನಿಲ್ದಾಣಕ್ಕಿಳಿಯುವವನಿಗೆ ಒಂದು ಉಪಾಯವುಂಟು. ಇಂತಹ ಗುರುತಿನೊಳಗೆ ಗಾಲಿ ನೆಲವನ್ನು ಮುಟ್ಟದಿದ್ದರೆ ಮರಳಿ ಏರತಕ್ಕದ್ದೆಂದು ಮೇಲಿರುವಾಗಲೇ ಗೊತ್ತುಮಾಡಿಕೊಳ್ಳಬೇಕು; ಮುಂದೆ ಗುಡ್ಡವಿದ್ದರೆ ಆ ಗುರುತನ್ನು ಇನ್ನೂ ಹಿಂದಕ್ಕೆ ಇಟ್ಟುಕೊಳ್ಳಬೇಕು. ನೆಲವು ಇಷ್ಟು ಹತ್ತಿರ ಬಂದಿದೆ, ಹೇಗಾದರೂ ಇಳಿದುಬಿಡೋಣವೆಂಬ ಆಸೆಯೇ ಇಲ್ಲಿ ಅಪಾಯಕಾರಿ. ಮರಳಿ ಏರುವುದು ಸೋಲೆಂದು ಎಳೆಯ ಚಾಲಕನು ನಾಚಬಾರದು.

ನಮ್ಮ ಒಕ್ಕಲಿಗನು ಮಳೆಯಾದ ಮರುದಿನ ಎರೆಹೊಲಕ್ಕೆ ಬಂಡಿಯನ್ನಿಳಿಸುವ ಮುನ್ನ ಕಾಲಿನಿಂದೊತ್ತಿ ಹದವನ್ನು ನೋಡುತ್ತಾನೆ. ಹದವಿಲ್ಲದಿದ್ದರೆ ಎತ್ತುಗಳನ್ನು ಮನೆಗೆ ತಿರುಗಿಸುತ್ತಾನೆ. ಅದಕ್ಕಾಗಿ ಅವನನ್ನು ಯಾರೂ ಹೇಡಿಯೆನ್ನುವುದಿಲ್ಲ. ಆಕಾಶದಿಂದ ಬರುವವನಿಗೂ ಆ ಎಚ್ಚರವೇ ಬೇಕು.